ಮೈಗೆ ಗೊತ್ತಿಲ್ಲದ ವ್ಯಾಯಾಮ ಹಿಡೀರಿ: ಹುಬ್ಬಳ್ಳಿ-ಧಾರವಾಡದಾಗ ಹೆಂಗ ಶುರು ಮಾಡೋದು

ಮುಂಜಾನೆ ಐದೂವರಿಗೆ ಉಣಕಲ್ ಕೆರಿ ದಂಡಿಗೆ ಹೋಗ್ರಿ, ತೋಳನಕೆರಿಗೆ ಹೋಗ್ರಿ, ಧಾರವಾಡದಾಗ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನಕ್ಕ ಹೋಗ್ರಿ, ಮಂದಿ ಸಾಲಾಗಿ ವಾಕಿಂಗ್ ಮಾಡ್ತಿರ್ತಾರ. ಭಾಳ ಒಳ್ಳೇದು, ಅದನ್ನ ಬಿಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಅದ ಮಂದಿನ್ನ ನಿಲ್ಲಿಸಿ ಮಾತಾಡಿಸಿ ನೋಡ್ರಿ, ವರ್ಷಗಟ್ಟಲೆ ಅದ ಸುತ್ತು, ಅದ ಸ್ಪೀಡು, ಅದ ಗೆಳ್ಯಾರು, ಮೊದಲ ಕೆಲವು ತಿಂಗಳು ಹೊಟ್ಟಿ ಇಳೀತು ನಿದ್ದಿ ಛಲೋ ಬಂತು, ಆಮ್ಯಾಲ ಏನೂ ಫರಕ್ ಇಲ್ಲ ನೋಡ್ರಿ ಅಂತಾರ.

ಮೈ ಇರೋದ ಹಂಗ. ಹೊಲದ ದಾರಿ ಗೊತ್ತಿರೋ ಎತ್ತು, ಚಕ್ಕಡಿಯೊಳಗ ಯಜಮಾನ ನಿದ್ದಿ ಹೊಡದ್ರೂ ತಾನ ಮನಿ ಮುಟ್ಟಿಸ್ತೈತಲ್ಲ, ಹಂಗ ನಮ್ಮ ಮೈಯೂ ರೂಢಿ ಆದ ಕೆಲಸನ್ನ ಕಡಿಮಿ ಖರ್ಚಿನ್ಯಾಗ ಮುಗಿಸೋದು ಕಲೀತೈತಿ. ಯಾವ ಕೆಲಸ ಕೊಡ್ತೀರಿ ಆ ಕೆಲಸಕ್ಕಷ್ಟ ಅದು ತಯಾರಾಗ್ತೈತಿ, ಕೊಡದ ಕೆಲಸಕ್ಕ ತಯಾರಿ ಇರಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ್ದು ಏನಂದ್ರ, ದೊಡ್ಡವರಿಗೆ ವಾರಕ್ಕ 150ರಿಂದ 300 ನಿಮಿಷ ಮಧ್ಯಮ ದರ್ಜೆ ಚಟುವಟಿಕೆ ಬೇಕು, ಅದರ ಜೋಡಿ ವಾರದಾಗ ಎರಡು ದಿನಾರ ಸ್ನಾಯುಗಳಿಗೆ ಭಾರದ ಕೆಲಸ ಬೇಕು. ಮೊದಲನೇ ಅರ್ಧ ಎಲ್ಲಾರಿಗೂ ಗೊತ್ತು, ಎರಡನೇ ಅರ್ಧ ಕೇಳಿದ್ರ ವಾಕಿಂಗ್ ಮಾಡೋ ಹತ್ತು ಮಂದಿಯೊಳಗ ಒಬ್ಬರೂ ಕೈ ಎತ್ತೋದು ಕಷ್ಟ.

ಅದಕ್ಕ ನನ್ನ ಮಾತು ಇಷ್ಟ: ಇದ್ದ ವ್ಯಾಯಾಮನ್ನ ಇನ್ನೂ ಜೋರಾಗಿ ಮಾಡೋದಕ್ಕಿಂತ, ನಿಮ್ಮ ಮೈ ಯಾವ ಕಡಿಗೆ ಹೊಳ್ಳೇ ಇಲ್ಲ ಅಂತ ಹುಡುಕ್ರಿ, ಆ ಕಡಿಗೆ ಹೊಳ್ಳಿಸೋ ಹೊಸ ವ್ಯಾಯಾಮ ಒಂದನ್ನ ಹಿಡೀರಿ, ಆರು ವಾರ ಬಿಡಬ್ಯಾಡ್ರಿ. ಹೆಂಗ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲ ಮನ್ಯಾಗ ಒಂದು ಪರೀಕ್ಷಾ

ರೊಕ್ಕ ಬ್ಯಾಡ, ಬೂಟ ಬ್ಯಾಡ. ಗ್ವಾಡಿ ಬಗಲಾಗ ನಿಂತು ಒಂದ ಕಾಲ ಮ್ಯಾಲ ಹತ್ತು ಸೆಕೆಂಡ್ ನಿಲ್ರಿ, ಬೀಳೋಹಂಗಾದ್ರ ಗ್ವಾಡಿ ಹಿಡೀಬಹುದು. ಇದನ್ನ ಹಗರ ತಿಳೀಬ್ಯಾಡ್ರಿ. ಬ್ರೆಜಿಲ್‌ದಾಗ 51ರಿಂದ 75 ವಯಸ್ಸಿನ 1,702 ಮಂದಿನ್ನ ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2022ರಾಗ ಪ್ರಕಟ ಆತು, ಹತ್ತು ಸೆಕೆಂಡ್ ನಿಲ್ಲಾಕ ಆಗದವರಾಗ ಮುಂದಿನ ವರ್ಷಗಳಾಗ ಸಾವಿನ ಪ್ರಮಾಣ ಹೆಚ್ಚು ಕಂಡಿತ್ತು. ಒಂಟಿಗಾಲಲೆ ನಿಂತ್ರ ಆಯುಷ್ಯ ಬೆಳೀತೈತಿ ಅಂತಲ್ಲ ಇದರ ಅರ್ಥ, ಸಮತೋಲ ಅನ್ನೋದು ಇಡೀ ಮೈ ಸ್ಥಿತಿ ಹೇಳ್ತೈತಿ ಅಂತ.

ಆಮ್ಯಾಲ ನೆಲದ ಮ್ಯಾಲ ಚಕ್ಕಂಬಕ್ಕಳ ಹಾಕಿ ಕೂತು, ಕೈ ಊರದ ಏಳಾಕ ನೋಡ್ರಿ. ಅಟ್ಟದ ಮ್ಯಾಲಿನ ಡಬ್ಬಿ ಇಳಸೂವಾಗ ಭುಜ ಹಿಡಕೊಳ್ತೈತೇನು? ಗಾಡಿ ರಿವರ್ಸ್ ತಗೊಳ್ಳೂವಾಗ ಬರೇ ಕುತಗಿ ಹೊಳ್ಳತೈತೋ ನಡುನೂ ಹೊಳ್ಳತೈತೋ? ಕಟ್ಟಿಗಿ ತೊಲಿಗೋ ಮಕ್ಕಳ ಪಾರ್ಕಿನ ಕಬ್ಬಿಣದ ರಾಡಿಗೋ ಜೋತು ಬಿದ್ರ ಎಷ್ಟು ಹೊತ್ತು ಮುಷ್ಟಿ ತಡೀತೈತಿ? ಎರಡು ಮೆಟ್ಟಲು ಅಡ್ಡಡ್ಡ ಹತ್ತಿ ಇಳೀಲಿಕ್ಕೆ ಬರ್ತೈತೇನು?

ಇದನ್ನೆಲ್ಲಾ ಮನ್ಯಾಗಿರೋ ಗ್ವಾಡಿ ಕ್ಯಾಲೆಂಡರಿನ ಹಿಂದ ಬರದಿಡ್ರಿ, ತಾರೀಖು ಹಾಕಿ. ಯಾವುದು ಎಲ್ಲಕಿಂತ ಕಷ್ಟ ಆತೋ ಅದ ನಿಮ್ಮ ದಾರಿ ತೋರಿಸ್ತೈತಿ. ಗೆಳೆಯಾ ಹೋಗ್ತಾನ ಅಂತ ಜಿಮ್ಮು, ರೀಲ್ಸಿನ್ಯಾಗ ಕಂಡಿತು ಅಂತ ಜುಂಬಾ ಅಂತ ಆರಿಸಿದವರು ಹೆಚ್ಚು ದಿನ ನಿಲ್ಲೋದನ್ನ ನಾ ಕಂಡಿದ್ದು ಕಡಿಮಿ.

ಏನ ಹಿಡೀಬೇಕು, ಎಲ್ಲಿ ಸಿಗತೈತಿ

ಭುಜ, ಮುಷ್ಟಿ, ನಡು ಬಿಗಿ ಇದ್ದವರಿಗೆ ನಾ ಮೊದಲು ಹೇಳೋದು ಗರಡಿ ಮನಿ. ನಮ್ಮ ಕಡಿ ಹಳೇ ಓಣಿಯೊಳಗ, ಗದಗ-ಹಾವೇರಿ ಹಳ್ಳಿಗಳಾಗ ಇನ್ನೂ ಗರಡಿ ಅದಾವ, ಎಷ್ಟೋ ಕಡಿ ಬಾಗಲಾ ಹಾಕ್ಯಾರ, ಎಷ್ಟೋ ಕಡಿ ವಸ್ತಾದರು, ಅಂದ್ರ ಗರಡಿ ಗುರುಗಳು, ಒಂದು ನಾಲ್ಕು ಹುಡುಗೂರನ್ನ ಇಟಗೊಂಡು ನಡಸಾಕತ್ಯಾರ. ಗರಡಿ ಅಂದ್ರ ಬರೇ ಕುಸ್ತಿ ಅಂತ ತಿಳಕೊಂಡೀವಿ, ಹಂಗಲ್ಲ, ಕುಸ್ತಿ ಹಿಡೀದನೂ ಅಲ್ಲಿ ಸಾಮು (ಗರಡಿ ವ್ಯಾಯಾಮ) ತಗೀಬಹುದು. ದಂಡ ಹೊಡಿಯೋದನ್ನ ತಗೋರಿ, ಮಾಮೂಲಿ ಪುಶ್ ಅಪ್‌ದಾಗ ಮೈ ಹಲಗಿಯಂಗ ಬಿಗಿಯಾಗಿ ಮ್ಯಾಲ-ಕೆಳಗ ಆಗ್ತೈತಿ ಅಷ್ಟ, ದಂಡದಾಗ ಕುಂಡಿ ಮ್ಯಾಲೆತ್ತಿ ತಲಿ ಕೆಳಗ ತಂದು ಎದಿ ನೆಲಕ್ಕ ಸವರಿಸಿ ಮುಂದ ಎದ್ದು ಬರ್ತೀರಿ, ಭುಜ ಎದಿ ಬೆನ್ನು ತೊಡಿ ಹಿಂದಿನ ಸ್ನಾಯು ಎಲ್ಲಾ ಒಂದ ಏಟಿಗೆ ದುಡೀತಾವ. ಬಸ್ಕಿ ಪೂರ್ತಿ ಕೆಳಗ ಕೂತು ಏಳೋದು, ನೆಲದ ಮ್ಯಾಲಿಂದ ಕೈ ಊರದ ಏಳಾಕ ಬರದವರಿಗೆ ಇದ ಔಷಧ, ಮೊದಲು ಅರ್ಧ ಕೂತು ಏಳ್ರಿ, ಬೇಕಾದ್ರ ಕಂಬ ಹಿಡಕೊಳ್ರಿ.

ಗದಿ ತಿರುಗಿಸೋದು ಅಂದ್ರ ನನಗ ಭಾಳ ಪ್ರೀತಿ. ಬೆನ್ನ ಹಿಂದ ಗದಿ ಇಳಿದು ಇನ್ನೊಂದು ಭುಜದ ಮ್ಯಾಲಿಂದ ಮುಂದ ಬರ್ತೈತಲ್ಲ, ಆ ಸುತ್ತಿನ್ಯಾಗ ಭುಜದ ಕೀಲು ಪೂರ್ತಿ ತಿರುಗ್ತೈತಿ. ದಿನಾ ಕಂಪ್ಯೂಟರ್ ಮುಂದ ಕೂತವರ ಭುಜಕ್ಕ ಇಂಥಾ ತಿರುವು ಸಿಗೋದ ಇಲ್ಲ. ಹಗರ ಕಟಗಿ ಗದಿ ಇಂದ ಶುರು ಮಾಡ್ರಿ, ವಸ್ತಾದರು ಎದುರಿಗೆ ನಿಂತಾಗಷ್ಟ, ಹಿಂದ ಯಾರೂ ಇಲ್ಲ ಅಂತ ನೋಡಿ. ಜಾತ್ರಿಯೊಳಗ ಎತ್ತೋ ಸಂಗ್ರಾಣಿ ಕಲ್ಲಿಗೆ ಮಾತ್ರ ಮೊದಲ ವರ್ಷ ಕೈ ಹಚ್ಚಬ್ಯಾಡ್ರಿ.

ಗರಡಿಗೆ ಹೋಗೂವಾಗ ಅಲ್ಲಿ ರೀತಿ ತಿಳಕೊಂಡು ಹೋಗ್ರಿ: ಚಪ್ಪಲಿ ಹೊರಗ, ಮಣ್ಣಿಗೆ ಕೈ ಮುಟ್ಟಿಸಿ ನಮಸ್ಕಾರ, ವಸ್ತಾದರ ಅಪ್ಪಣಿ ಇಲ್ಲದ ಕುಸ್ತಿ ಮಣ್ಣಿಗೆ ಇಳಿಯಂಗಿಲ್ಲ. ಆ ಕೆಮ್ಮಣ್ಣಿಗೆ ಎಣ್ಣಿ, ಮಜ್ಜಿಗಿ, ಅರಿಷಿಣ ಹಾಕಿ ಹದಾ ಮಾಡಿರ್ತಾರ, ಅದರ ಹಿಂದ ಭಾಳ ಜನರ ದುಡಿಮಿ ಇರ್ತೈತಿ.

ಮಲ್ಲಕಂಬ ಇನ್ನೊಂದು. ಎಣ್ಣಿ ಸವರಿದ ಕಟಗಿ ಕಂಬ ಹತ್ತಿ ಅದರ ಮ್ಯಾಲ ಆಸನ ಹಾಕೋದು, ಹಗ್ಗದ ಮಲ್ಲಕಂಬಾನೂ ಐತಿ. ಗದಗ, ಬಾಗಲಕೋಟಿ ಕಡಿ ಹುಡುಗೂರು ಇದರಾಗ ಛಲೋ ಅದಾರ, ಈಗ ಖೇಲೋ ಇಂಡಿಯಾ ಕ್ರೀಡಾಕೂಟದಾಗೂ ಇದು ಸೇರೈತಿ. ನಲವತ್ತು ದಾಟಿದವರು ಕಂಬದ ತುದಿಗೆ ಹೋಗಬೇಕಂತ ಏನಿಲ್ಲ, ನೆಲದ ಮ್ಯಾಲ ಕಾಲಿಟ್ಟ ಕಂಬ ಅಪ್ಪಿ ಹಿಡಿಯೋದು, ಹಗ್ಗಕ್ಕ ಜೋತು ಬೀಳೋದು ಇಷ್ಟ ಮಾಡಿದ್ರೂ ಮುಷ್ಟಿ, ಬೆನ್ನು ಎರಡೂ ಎಚ್ಚರಾಗ್ತಾವ.

ಅಡ್ಡ ಚಲನಿ ಬರಂಗಿಲ್ಲ ಅನ್ನೋರಿಗೆ ಅಟ್ಯಾ-ಪಾಟ್ಯಾ. ಸಣ್ಣವರಿದ್ದಾಗ ಆಡಿರ್ತೀರಿ, ಮರತಿರ್ತೀರಿ. ಒಂಬತ್ತು ಗೆರಿ, ಪ್ರತಿ ಗೆರಿ ಮ್ಯಾಲ ಒಬ್ಬ ಕಾಯಾಂವ, ಅವನ ಕೈಗೆ ಸಿಗದಂಗ ದಾಟಿ ಹೋಗಬೇಕು. ವಾಕಿಂಗ್‌ದಾಗ ಕಾಲು ಮುಂದಷ್ಟ ಹೋಗ್ತಾವ, ಇಲ್ಲಿ ಎಡಕ್ಕ ಬಲಕ್ಕ ಹಿಂದಕ್ಕ ಓಡಿ ಗಕ್ಕನ ನಿಂದರಬೇಕು, ಹಿಮ್ಮಡಿ ಕೀಲು, ತೊಡಿ ಸಂದಿಯ ಸ್ನಾಯುಗಳಿಗೆ ಇದು ಹೊಸ ಕೆಲಸ. ಓಣಿ ಹುಡುಗೂರನ್ನ ಕರ್ಕೊಂಡು ಸುಣ್ಣದ ಗೆರಿ ಹೊಡದ್ರ ಮುಗೀತು, ಮೊದಲ ವಾರ ಓಡಬ್ಯಾಡ್ರಿ, ಜೋರಾಗಿ ನಡದ ಆಡ್ರಿ, ಮೊಣಕಾಲು ಹೊಳ್ಳೋದು ಅವಸರದಾಗ. ಅಟ್ಯಾ-ಪಾಟ್ಯಾಕ್ಕ ಮಂದಿ ಕೂಡಲಿಲ್ಲಂದ್ರ ಶಟಲ್ ಬ್ಯಾಡ್ಮಿಂಟನ್ ಆಡ್ರಿ, ಅದರಾಗೂ ಅಡ್ಡ ಓಡಾಟ ಭಾಳ.

ಮೊಣಕಾಲು ನೋವಿದ್ದವರು, ಮೈ ಭಾರ ಹೆಚ್ಚಿದ್ದವರು ಈಜುಕೊಳ ಹುಡುಕ್ರಿ. ಎದಿಮಟ ನೀರಿನ್ಯಾಗ ನಿಂತ್ರ ಮೈ ಭಾರದಾಗ ಅರ್ಧಕ್ಕಿಂತ ಹೆಚ್ಚು ನೀರ ಹೊರ್ತೈತಿ, ಕೀಲಿಗೆ ಆರಾಮ, ಆದ್ರ ಕೈಕಾಲು ಆಡಿಸೂವಾಗ ನೀರು ಎದುರು ನಿಲ್ತೈತಿ, ಹಂಗಾಗಿ ದುಡಿಮಿನೂ ಆಗ್ತೈತಿ. ಈಜು ಬರದಿದ್ರೂ ನೀರಿನ್ಯಾಗ ನಡೀಬಹುದು. ಹೆಣ್ಣಮಕ್ಕಳಿಗೆ ಬ್ಯಾರೆ ಬ್ಯಾಚ್ ಐತೇನು ಅಂತ ಮೊದಲ ಕೇಳ್ರಿ, ಇಲ್ಲಂದ್ರ ಐದಾರು ಮಂದಿ ಕೂಡಿ ಅರ್ಜಿ ಕೊಡ್ರಿ. ಕೆರಿ, ಕಾಲುವಿ, ಬಾವಿಯೊಳಗ ದೊಡ್ಡವರಾದ ಮ್ಯಾಲ ಒಬ್ಬರ ಕಲಿಯಾಕ ಹೋಗೋದು ಬ್ಯಾಡ, ಖಂಡಿತ ಬ್ಯಾಡ.

ಹುಬ್ಬಳ್ಳಿ ನೃಪತುಂಗ ಬೆಟ್ಟ ಹತ್ತೋದು ಗೊತ್ತು, ಇಳಿಯೋದನ್ನ ಯಾರೂ ವ್ಯಾಯಾಮ ಅಂತ ಎಣಸಂಗಿಲ್ಲ. ಹತ್ತೂವಾಗ ಉಸಿರು ದುಡೀತೈತಿ, ಇಳಿಯೂವಾಗ ತೊಡಿ ಸ್ನಾಯು ಉದ್ದಾಗ್ತ ಭಾರ ತಡೀತೈತಿ, ಮರುದಿನ ತೊಡಿ ನೋಯೋದು ಅದಕ್ಕ. ಹಂಗಾಗಿ ನಿಧಾನ ಇಳೀರಿ, ಸಣ್ಣ ಹೆಜ್ಜಿ ಹಾಕ್ರಿ. ಗದಗಿನವರಿಗೆ ಕಪ್ಪತಗುಡ್ಡ ಐತಿ, 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯವರು ಬಿಟ್ಟ ದಾರಿಯೊಳಗಷ್ಟ ಹೋಗ್ರಿ, ಬ್ಯಾಸಗಿಯೊಳಗ ಬೆಂಕಿ ಭಯ ಇರ್ತೈತಿ, ಬೀಡಿ ಸಿಗರೇಟು ದೂರ ಇಡ್ರಿ.

ಸೈಕಲ್‌ಗೆ ಧಾರವಾಡ ಯುನಿವರ್ಸಿಟಿ ಕ್ಯಾಂಪಸ್ ಛಲೋ, ಏರು ಇಳಿಜಾರು ಎರಡೂ ಸಿಗ್ತಾವ, ಟ್ರಾಫಿಕ್ ಕಡಿಮಿ. ಹುಬ್ಬಳ್ಳಿ-ಧಾರವಾಡ ಸುಮಾರು 20 ಕಿಲೋಮೀಟರ್, ಒಂದಿನ ಹೋಗೇ ಬಿಡೋಣು ಅನಸ್ತೈತಿ, ಅದನ್ನ ಆರನೇ ವಾರಕ್ಕ ಇಡ್ರಿ, ರವಿವಾರ ನಸುಕಿನ್ಯಾಗ ಹೋಗ್ರಿ, ಚಿಗರಿ (ಬಿಆರ್‌ಟಿಎಸ್) ಬಸ್ಸಿಗಂತ ಬಿಟ್ಟ ಲೇನಿನ್ಯಾಗ ಸೈಕಲ್ ಹಾಕಬ್ಯಾಡ್ರಿ.

ಇನ್ನ ಡೊಳ್ಳು. ಹಾವೇರಿ, ಧಾರವಾಡ ಕಡಿ ಡೊಳ್ಳಿನ ಮ್ಯಾಳದವರನ್ನ ನೋಡೀರಲ್ಲ, ಅಷ್ಟು ಭಾರದ ವಾದ್ಯ ಕೊರಳಿಗೆ ಹಾಕ್ಕೊಂಡು ಬಡೀತ, ಕುಣೀತ, ತಿರುಗ್ತ, ತಾಳ ತಪ್ಪಂಗಿಲ್ಲ. ಉಸಿರು, ಬಲ, ಸಮತೋಲ, ಲಯ ನಾಲ್ಕೂ ಒಂದರಾಗ. ಮ್ಯಾಳದವರು ಕಲಸ್ತೀವಿ ಅಂದ್ರ ಬಿಡಬ್ಯಾಡ್ರಿ.

ಮನಿ ಬಿಟ್ಟು ಹೊರಗ ಬರಾಕ ಆಗದವರಿಗೂ ಒಂದು ಐತಿ, ಮೂರು ನಿಂಬಿಹಣ್ಣು ಗಾಳ್ಯಾಗ ತೂರಿ ಹಿಡಿಯೋದು. ನಗಬ್ಯಾಡ್ರಿ. 2004ರಾಗ ಜರ್ಮನಿ ವಿಜ್ಞಾನಿಗಳು ನೇಚರ್ ಪತ್ರಿಕೆಯೊಳಗ ಬರದ್ರು, ಮೂರು ತಿಂಗಳು ಇದನ್ನ ಕಲಿತವರ ಮೆದುಳಿನ್ಯಾಗ ಕಣ್ಣಿಗೆ ಕಾಣೋ ಚಲನಿ ಗುರುತಿಸೋ ಭಾಗ ಹಿಗ್ಗಿತ್ತು, ಅಭ್ಯಾಸ ಬಿಟ್ಟ ಮ್ಯಾಲ ಮತ್ತ ಕುಗ್ಗಿತ್ತು. ಸಣ್ಣ ಅಧ್ಯಯನ, ಇಪ್ಪತ್ತನಾಲ್ಕ ಮಂದಿ, ಆದ್ರ ಹೊಸಾದ ಕಲಿಯೋದು ಬರೇ ರಟ್ಟಿಗೆ ಅಲ್ಲ ತಲಿಗೂ ಕೆಲಸ ಅನ್ನೋದನ್ನ ಛಲೋ ತೋರಿಸ್ತೈತಿ. ಮಂಚದ ಮುಂದ ನಿಂತು ಮಾಡ್ರಿ, ಬಿದ್ದದ್ದನ್ನ ಬಗ್ಗಿ ಎತ್ತೋದು ತಪ್ಪತೈತಿ. ಮೊದಲ ಒಂದು ಹಣ್ಣು, ಆಮ್ಯಾಲ ಎರಡು.

ಮೊದಲ ದಿನ

ಹೋಗೋದಕ್ಕಿಂತ ಮುಂಚೆ: ಬಿಪಿ, ಶುಗರ್, ಹಾರ್ಟಿಂದು, ಮೊದಲಿನ ಆಪರೇಷನ್ನು, ಸಂದಿನೋವು ಏನಾರ ಇದ್ರ, ಇಲ್ಲಾ ವರ್ಷಗಟ್ಟಲೆ ಏನೂ ಮಾಡದ ಕೂತಿದ್ರ, ಡಾಕ್ಟ್ರಿಗೆ ಒಂದು ಮಾತು ಕೇಳ್ರಿ. ಇನ್ಸುಲಿನ್ ಅಥವಾ ಶುಗರ್ ಗುಳಿಗಿ ತಗೊಳ್ಳೋರು ಕಿಸೆದಾಗ ಸಕ್ರಿನೋ ಬೆಲ್ಲದ ಚೂರೋ ಇಟಗೊಳ್ಳೋದು ಮರೀಬಾರದು, ಹೊಸ ದುಡಿಮಿಗೆ ಶುಗರ್ ಒಮ್ಮಿಂದೊಮ್ಮೆ ಇಳೀಬಹುದು.

ಮೊದಲ ದಿನ ಸುಮ್ನ ಕೂತು ನೋಡಿ ಬರ್ರಿ. ಕಲಸೋರು ಹೊಸಬರನ್ನ ಹೆಂಗ ಮಾತಾಡಸ್ತಾರ, ಬಿದ್ದವರಿಗೆ ಏನಂತಾರ, ಎಲ್ಲಾರಿಗೂ ಒಂದ ಲೆಕ್ಕ ಕೊಡ್ತಾರೋ ಮಂದಿ ನೋಡಿ ಕೊಡ್ತಾರೋ. ಎಷ್ಟು ಸುಸ್ತು ಮಾಡಿಸ್ತಾರ ಅಂತ ಹೆಮ್ಮಿಲೆ ಹೇಳೋರ ಕಡಿ ಹೋಗಬ್ಯಾಡ್ರಿ. ಆಮ್ಯಾಲ ನೇರ ಹೇಳ್ರಿ, "ಸರ, ನನಗ ಇದು ಏನೂ ಬರಂಗಿಲ್ಲ, ಬಲಗಾಲ ಮೊಣಕಾಲು ಸ್ವಲ್ಪ ನೋಯ್ತೈತಿ, ಮೊದಲಿಂದ ಕಲಸ್ರಿ" ಅಂತ. ಛಲೋ ವಸ್ತಾದರಿದ್ರ "ಬರ್ರಿ ಯಜಮಾನ್ರ, ನಾಳಿಂದ ಬರ್ರಿ, ಬರೇ ಹೊಟ್ಟಿಲೆ ಬರಬ್ಯಾಡ್ರಿ, ಒಂದು ಬಾಳೆಹಣ್ಣ ತಿಂದು ಬರ್ರಿ" ಅಂತಾರ. ರೊಕ್ಕ ಒಂದು ತಿಂಗಳದ್ದಷ್ಟ ಕಟ್ರಿ, ವರ್ಷದ ಆಫರ್ ಎಷ್ಟ ಸಸ್ತಾ ಇದ್ರೂ.

ಆರು ವಾರದ ಲೆಕ್ಕ

ಹಳೇ ವಾಕಿಂಗ್ ಬಿಡಬ್ಯಾಡ್ರಿ. ವಾರದಾಗ ಎರಡು ದಿನ, ನಡು ಒಂದು ದಿನಾರ ಅಂತರ ಇಟ್ಟು, ಅದರ ಜಾಗಾಕ್ಕ ಹೊಸಾದ ಹಾಕ್ರಿ. ಮಂಗಳವಾರ-ಶುಕ್ರವಾರ ಅಂತ ಗಟ್ಟಿ ಮಾಡಿಟ್ರ ಮನಿಯವರಿಗೂ ರೂಢಿ ಆಗ್ತೈತಿ.

ಮೊದಲ ಎರಡು ವಾರ, ನಿಮ್ಮ ಕೈಲಾಗೋದರಾಗ ಅರ್ಧ ಮಾಡ್ರಿ. ಹತ್ತು ಬಸ್ಕಿ ಹೊಡಿಯಾಕ ಆಗೋರು ಐದ ಹೊಡದು ನಿಲ್ಲಸ್ರಿ, ಇನ್ನೂ ಮಾಡಬಹುದು ಅನ್ನೂವಾಗಲೇ ಮನಿಗೆ ಬರ್ರಿ. ಈ ಮಾತು ಕೇಳೋರು ಕಡಿಮಿ, ಹುರುಪಿನ್ಯಾಗ ಮೊದಲ ದಿನ ಎಲ್ಲಾ ಮಾಡಿ ಮೂರನೇ ದಿನ ಹಾಸಿಗಿ ಬಿಟ್ಟು ಏಳದ, ನಾಲ್ಕನೇ ದಿನ ಇದು ನಮಗಲ್ಲ ಅಂತ ಬಿಡೋರ ಹೆಚ್ಚು. ಹೊಸ ಕೆಲಸ ಮಾಡಿದ ಮ್ಯಾಲ ಸ್ನಾಯು ನೋಯೋದು ಸಹಜ, ಅದು ಅವತ್ತ ಗೊತ್ತಾಗಂಗಿಲ್ಲ, ಒಂದರಿಂದ ಮೂರು ದಿನದೊಳಗ ಜೋರಾಗಿ ಆಮ್ಯಾಲ ತಾನ ಇಳೀತೈತಿ. ಅದಕ್ಕಿಂತ ಛಲೋ ಸುದ್ದಿ ಏನಂದ್ರ ಅದ ಕೆಲಸನ್ನ ಎರಡನೇ ಸಲ ಮಾಡಿದಾಗ ಅಷ್ಟು ನೋಯಂಗಿಲ್ಲ, ಮೈ ಒಂದ ಸಲಕ್ಕ ಪಾಠ ಕಲ್ತಿರ್ತೈತಿ. ಹಂಗಾಗಿ ಮೊದಲ ನೋವಿಗೆ ಹೆದರಬ್ಯಾಡ್ರಿ, ಅರಿಷಿಣ ಎಣ್ಣಿ ಹಚ್ಚಿ ಬಿಸಿನೀರು ಹಾಕ್ಕೊಂಡು ಹಗರ ನಡದಾಡ್ರಿ.

ಆದ್ರ ಬ್ಯಾರೆ ನೋವು ಬ್ಯಾರೆ. ಕೀಲಿನೊಳಗ ಚುಚ್ಚೋದು, ಬಾವು ಬರೋದು, ಒಂದ ಕಡಿಗಷ್ಟ ಹಿಡಕೊಳ್ಳೋದು, ಕಾಲಿಗೆ ಜೋಮು ಇಳಿಯೋದು, ವಾರ ಕಳದ್ರೂ ಇಳೀದಿರೋದು, ಇವು ನಿಲ್ಲಸ್ರಿ ಅನ್ನೋ ಗುರುತು. ಎದಿ ಬಿಗಿಯೋದು, ದವಡಿಗೋ ಎಡಗೈಗೋ ನೋವು ಹರಿಯೋದು, ತಣ್ಣನ ಬೆವರು, ಕಣ್ಣು ಕತ್ತಲಾಗೋದು, ಇಂಥಾದ್ದೇನಾರ ಆದ್ರ ಗ್ಯಾಸ್ ಆಗೇತಿ ಅಂತ ಸೋಡಾ ಕುಡಕೊಂಡು ಕೂಡಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗ್ರಿ.

ಮೂರು ನಾಲ್ಕನೇ ವಾರ ಒಂದ ಸಂಗತಿ ಹೆಚ್ಚಿಗಿ ಮಾಡ್ರಿ, ಒಂದ. ಸಂಖ್ಯೆ ಹೆಚ್ಚು ಮಾಡಿದ್ರ ಭಾರ ಹೆಚ್ಚು ಮಾಡಬ್ಯಾಡ್ರಿ, ದಿನ ಹೆಚ್ಚು ಮಾಡಿದ್ರ ಸಂಖ್ಯೆ ಅಷ್ಟ ಇರಲಿ. ಈ ಹೊತ್ತಿಗೆ ಬಲ ಬಂದಂಗ ಅನಸ್ತೈತಿ, ಖರೇ ಹೇಳಬೇಕಂದ್ರ ಸ್ನಾಯು ಇನ್ನೂ ದೊಡ್ಡದಾಗಿರಂಗಿಲ್ಲ, ನರ-ಸ್ನಾಯುಗಳ ಹೊಂದಾಣಿಕಿ ಸುಧಾರಿಸಿರ್ತೈತಿ. ಸ್ನಾಯುವನ್ನ ಎಲುಬಿಗೆ ಕಟ್ಟೋ ತಂತುಗಳು ಅದಕ್ಕಿಂತ ನಿಧಾನ ಗಟ್ಟಿ ಆಗ್ತಾವ. ಹುರುಪು ಏರಿ ಪೆಟ್ಟು ಆಗೋದು ಈ ಮೂರು-ನಾಲ್ಕನೇ ವಾರದಾಗ, ಅದಕ್ಕ ಇಲ್ಲಿ ಜರಾ ಕೈ ಬಿಗಿ ಹಿಡೀರಿ. ಐದು ಆರನೇ ವಾರ ಬೇಕಿದ್ರ ಮೂರನೇ ದಿನ ಸೇರಸ್ರಿ.

ಎಷ್ಟು ಜೋರು ಅಂತ ತಿಳಿಯಾಕ ವಾಚು ಬೇಕಾಗಿಲ್ಲ. ಮಾತಾಡಾಕ ಬರ್ತೈತಿ ಹಾಡಾಕ ಬರಂಗಿಲ್ಲ ಅಂದ್ರ ಮಧ್ಯಮ, ಎರಡು ಶಬ್ದಕ್ಕ ಉಸಿರು ತಗೀಬೇಕಾತು ಅಂದ್ರ ಜೋರು. ಮೊದಲ ತಿಂಗಳು ಮಧ್ಯಮ ಸಾಕು. ಊಟಕ್ಕ ಡಬ್ಬಿ ಪೌಡರ್ ಖರೀದಿ ಬ್ಯಾಡ, ಜ್ವಾಳದ ರೊಟ್ಟಿ ಜೋಡಿ ಮಡಕಿಕಾಳು, ಹೆಸರುಕಾಳು, ಶೇಂಗಾ ಚಟ್ನಿ, ಮೊಸರು, ತಿನ್ನೋರಾದ್ರ ಮೊಟ್ಟಿ ಸ್ವಲ್ಪ ಹೆಚ್ಚಿಗಿ ಹಚಗೊಳ್ರಿ.

ಹವಾಮಾನ ನೋಡಿ ಆರಿಸೋದೂ ಶಾಣ್ಯಾತನ. ಏಪ್ರಿಲ್-ಮೇದಾಗ ಈಜು, ಇಲ್ಲಾ ಬಿಸಲು ಏರೋದ್ರೊಳಗ ಮುಗಿಯೋದು. ಧಾರವಾಡದ ಜಿಟಿಜಿಟಿ ಮಳಿ ಹತ್ತಿತಂದ್ರ ಗರಡಿ, ಯೋಗ, ಬ್ಯಾಡ್ಮಿಂಟನ್ ಹಾಲು. ದೀಪಾವಳಿಯಿಂದ ಶಿವರಾತ್ರಿ ತನಕ ಬೆಟ್ಟ, ಸೈಕಲ್ಲು, ಬಯಲಾಟ.

ಮಂದಿ ನೋಡ್ತಾರ ಅನ್ನೋದು

ಇದು ಎಲ್ಲಕಿಂತ ದೊಡ್ಡ ಅಡ್ಡಿ. ಆಫೀಸಿನ್ಯಾಗ ಹತ್ತು ಮಂದಿ "ಸರ, ಸರ" ಅನ್ನೋ ಮನಿಷ್ಯಾ ಗರಡಿಯೊಳಗ ಹದಿನಾರರ ಹುಡುಗನ ಮುಂದ ದಂಡ ಬರದ ಮಾರಿ ಕೆಳಗ ಮಾಡಿ ಬೀಳಬೇಕು. ಕೈಕಾಲು ಗಟ್ಟಿ ಇದ್ರೂ ಮನಸು ಅಲ್ಲಿಂದ ಓಡಿ ಬರಾಕ ನೋಡ್ತೈತಿ. ನಾ ಹೇಳೋದು, ಆ ಹುಡುಗನ್ನ ಗುರು ಮಾಡ್ಕೊಳ್ರಿ. "ತಮ್ಮಾ, ನಿನ್ನ ಮೊಣಕೈ ಎಲ್ಲಿ ಬರ್ತೈತಿ ಒಮ್ಮೆ ತೋರಸು" ಅಂತ ಕೇಳ್ರಿ. ಹಂಗ ಕೇಳಿದವರಿಗೆ ಯಾವ ಹುಡುಗನೂ ನಕ್ಕದ್ದು ನಾ ಕಂಡಿಲ್ಲ, ಎರಡು ಸಲ ತೋರಿಸ್ತಾವ, ಮರುದಿನ ನೀವು ಬರಲಿಲ್ಲಂದ್ರ "ಕಾಕಾ ಯಾಕ ಬಂದಿಲ್ಲ" ಅಂತ ಕೇಳ್ತಾವ.

ಹೆಣ್ಣಮಕ್ಕಳಿಗೆ ಈ ಅಡ್ಡಿ ಎರಡು ಪಟ್ಟು, ಮುಂಜಾನೆ ಡಬ್ಬಿ ಕಟ್ಟೋದು, ಅತ್ತಿಮಾವ, ಮಕ್ಕಳ ಸಾಲಿ, ಮ್ಯಾಲ ಬಟ್ಟಿ ಮ್ಯಾಲ ಮಾತು. ಆದ್ರ ಈ ಊರಿನ ಹೆಣ್ಣಮಕ್ಕಳು ಹಿಂದ ಬಿದ್ದವರಲ್ಲ. 1936ರಾಗ ಯೋಗ ಗುರು ಕೃಷ್ಣಮಾಚಾರ್ಯರ ತಂಡ ಯೋಗ ತೋರಿಸ್ತ ಧಾರವಾಡಕ್ಕ ಬಂದಾಗ ಇಲ್ಲಿ ಹೆಣ್ಣಮಕ್ಕಳು ನಮಗೂ ಕಲಸ್ರಿ ಅಂದ್ರು, ತಂಡದಾಗ ಎಲ್ಲಾರಕಿಂತ ಸಣ್ಣಾಂವ ಅಂತ ಬಿ.ಕೆ.ಎಸ್. ಅಯ್ಯಂಗಾರರನ್ನ ಆ ಕೆಲಸಕ್ಕ ಹಚ್ಚಿದ್ರು. ಮುಂದ ಜಗತ್ತಿಗೆಲ್ಲಾ ಯೋಗ ಕಲಿಸಿದ ಮನಿಷ್ಯಾನ ಮೊದಲಿನ ಶಿಷ್ಯರಾಗ ಧಾರವಾಡದ ಹೆಣ್ಣಮಕ್ಕಳು ಇದ್ರು! ಇದನ್ನ ನಮ್ಮ ಓಣಿ ಅಕ್ಕಾರಿಗೆ, ವೈನಿಯವರಿಗೆ ಹೇಳಿದಾಗ ಅವರ ಕಣ್ಣು ದೊಡ್ಡದಾಗೋದು ನೋಡಬೇಕು. ಒಬ್ಬರ ಹೋಗೋದಕ್ಕಿಂತ ಬಾಜೂ ಮನಿಯವರನ್ನ ಜೋಡಿ ಮಾಡ್ಕೊಳ್ರಿ, ಒಬ್ಬರು ಬ್ಯಾಸರ ಮಾಡಿದ್ರ ಇನ್ನೊಬ್ಬರು ಬಾಗಲಾ ಬಡೀತಾರ. ಮನ್ಯಾಗಿನ ಗಂಡಸರು ಆ ಎರಡು ದಿನ ಡಬ್ಬಿ ತಾವ ಕಟ್ಟಬೇಕು, ಇದನ್ನ ಕೇಳೋದಲ್ಲ, ಹೇಳೋದು.

ಆರು ವಾರ ಆದ ಮ್ಯಾಲ

ಕ್ಯಾಲೆಂಡರ್ ತಿರುವಿ ಮೊದಲಿನ ಪರೀಕ್ಷಾ ಮತ್ತ ಮಾಡ್ರಿ. ತೂಕದ ಮಷೀನ್ ಮ್ಯಾಲ ಏನೂ ಫರಕ್ ಇರದ ಇರಬಹುದು, ಅದನ್ನ ನೋಡಿ ಮಾರಿ ಸಣ್ಣದು ಮಾಡಬ್ಯಾಡ್ರಿ. ಒಂಟಿಗಾಲಲೆ ಎಷ್ಟು ನಿಂತ್ರಿ, ಎಷ್ಟು ಹೊತ್ತು ಜೋತು ಬಿದ್ರಿ, ನೆಲದಿಂದ ಹೆಂಗ ಎದ್ರಿ, ಅದನ್ನ ಬರೀರಿ.

ಫರಕ್ ಕಂಡು ಮನಸಿಗೂ ಸೇರಿದ್ರ ಇನ್ನೊಂದು ಮೂರು ತಿಂಗಳು ಅದರಾಗ ಆಳಕ್ಕ ಹೋಗ್ರಿ. ವಾರಕ್ಕೊಂದು ಹೊಸಾದ ಹಿಡಿಯೋದು ಉಪಯೋಗಿಲ್ಲ, ಮೈಗೆ ಕಲಿಯಾಕ ಹೊತ್ತ ಸಿಗಂಗಿಲ್ಲ, ಬರೇ ಮೈಕೈ ನೋವಷ್ಟ ಸಿಗತೈತಿ. ಹಗರ ಅನಸಾಕ ಹತ್ತಿದ ಮ್ಯಾಲ, ಅಂದ್ರ ಮಾಡೂವಾಗ ತಲಿಯೊಳಗ ಅಂಗಡಿ ಲೆಕ್ಕ ಓಡಾಕ ಶುರು ಆದ ಮ್ಯಾಲ, ವಾರಕ್ಕ ಒಂದು ದಿನಕ್ಕ ಇಳಿಸಿ ಇಟಗೊಳ್ರಿ, ಬಂದದ್ದು ಹೋಗಬಾರದು, ಉಳಿದ ದಿನಕ್ಕ ಇನ್ನೊಂದು ಹುಡುಕ್ರಿ. ಈಗ ಭುಜದ್ದು ಆಗಿದ್ರ ಮುಂದ ಕಾಲಿಂದು, ಒಬ್ಬರ ಮಾಡೋದಾಗಿದ್ರ ಮುಂದ ಮಂದಿ ಕೂಡಿ ಆಡೋದು.

ಸೇರಲಿಲ್ಲಂದ್ರ ಬಿಡ್ರಿ, ಆರು ವಾರ ಕೊಟ್ಟೀರಿ. ಆದ್ರ ಫೋನ್ ತಗೀದ ಮಾಯ ಆಗಬ್ಯಾಡ್ರಿ, ವಸ್ತಾದರಿಗೋ ಸರಿಗೋ ಎದುರಿಗೆ ಹೋಗಿ "ಇಷ್ಟ ಕಲ್ತೆ, ಸದ್ಯಕ್ಕ ಬಿಡ್ತೀನಿ" ಅಂತ ಹೇಳ್ರಿ, ಮತ್ತ ಯಾವಾಗಾರ ಬರೋ ಮನಸಾದ್ರ ಬರಾಕ ಹಗರ ಆಗ್ತೈತಿ, ಮತ್ತ ಅವರಿಗೇ ಕೇಳ್ರಿ, ನನ್ನ ಮೈ ನೋಡೀರಲ್ಲ, ಮುಂದ ಏನ ಹಿಡೀಲಿ ಅಂತ.